ಪ್ಯಾರಾಸಿಟಮಾಲ್: ಅಭಿಧಮನಿಯ ಮೂಲಕ ಪ್ರಯೋಗ

ಜ್ವರವನ್ನಿಳಿಸುವುದಕ್ಕೂ ವೇದನೆಯನ್ನು ಶಮನಗೊಳಿಸುವುದಕ್ಕೂ ಗುಳಿಗೆಯ ರೂಪದಲ್ಲಿ ಮನೆಮನೆಗಳಲ್ಲಿ ಬಳಕೆಯಾಗುತ್ತಿರುವ ಪ್ಯಾರಾಸಿಟಮಾಲ್ ಎಂಬ ಔಷಧವನ್ನು ಜಲದಲ್ಲಿ ಕರಗಿಸಿ, ನಿರ್ಜೀವಾಣುಗೊಳಿಸಿ, ಅಭಿಧಮನಿಯೊಳಕ್ಕೆ, ಎಂದರೆ ಸಿರೆಯೊಳಕ್ಕೆ, ನೇರವಾಗಿ ಹರಿಸುವ ಚಿಕಿತ್ಸಾಕ್ರಮ. ಈ ದ್ರಾವಣದ ಸಾಂದ್ರತೆ ಮಿಲಿಲೀಟರಿಗೆ 10 ಮಿಲಿಗ್ರಾಂ. ಸಾಮಾನ್ಯವಾಗಿ ದೊರೆಯುವ 100 ಮಿಲಿಲೀಟರಿನ ಬಾಟಲಿಯಲ್ಲಿ ಒಂದು ಗ್ರಾಂ ಔಷಧವಿರುತ್ತದೆ. ಶಸ್ತ್ರಕ್ರಿಯೆಯಾಗಿ ಇನ್ನೂ ಬಾಯಿಗೆ ಏನನ್ನೂ ಕೊಡಲಾಗದವರಿಗೆ, ಎಡೆಬಿಡದೆ ವಾಂತಿ ಮಾಡುತ್ತಿರುವವರಿಗೆ, ಪ್ರಜ್ಞೆಯಿಲ್ಲದವರಿಗೆ ಇದರಿಂದಾಗುವ ಉಪಕಾರ ದೊಡ್ಡದು. ಆದರೆ ಇದನ್ನು ಗುಳಿಗೆಗಿಂತ ಬಲಶಾಲಿಯಾದ ಮತ್ತೊಂದು ಔಷಧವೆಂದು ತಿಳಿಯುವುದು ಸರಿಯಲ್ಲ. ಔಷಧ ಅದೇ, ಅದು ದೇಹವನ್ನು ಹೊಗುವ ದಾರಿ ಮಾತ್ರ ಬೇರೆ.

ಕಾರವಾರ, ಅಂಕೋಲೆಗಳ ಕಡೆಯಲ್ಲಿ, ನಮ್ಮ ನಾಡಿನ ಉಳಿದೆಡೆಗಳಲ್ಲಿಯಂತೆಯೇ, ಸಿರೆಯೊಳಕ್ಕೆ ಹರಿಯುವ ದ್ರವವೆಲ್ಲಕ್ಕೂ ಜನ ‘ಸಲೈನ್’ ಎಂಬ ಒಂದೇ ಹೆಸರನ್ನಿಟ್ಟಿದ್ದಾರೆ. ಉಪ್ಪುನೀರಾಗಲಿ, ಗ್ಲೂಕೋಸಾಗಲಿ, ಪ್ಯಾರಾಸಿಟಮಾಲೇ ಆಗಲಿ, ಗೂಟಕ್ಕೆ ತೂಗುಬಿಟ್ಟ ಬಾಟಲಿ ಎಲ್ಲವೂ ಸಲೈನೇ. ಎರಡು ದಿನ ಜ್ವರ ಬಿಡದಿದ್ದರೆ ‘ಒಂದು ಬಾಟಲಿ ಹಾಕಿಬಿಡಿ ಡಾಕ್ಟ್ರೇ’ ಎಂದು ರೋಗಿಯ ಮನೆಯವರೇ ಬೇಡುವುದುಂಟು. ಗುಳಿಗೆಯನ್ನು ಬರೆದುಕೊಟ್ಟು ಕಳುಹಿಸಿದ ವೈದ್ಯನ ವಿಷಯದಲ್ಲಿ ಅವರಿಗೆ ತುಸು ಅಸಮಾಧಾನ ಉಳಿಯುವುದೂ ಉಂಟು. ಮೀನುಗಾರಿಕೆಗೆ ಹೋಗುವವನಿಗೆ ಒಂದು ದಿನದ ಕೆಲಸ ತಪ್ಪಿದರೆ ಆ ದಿನದ ಗಳಿಕೆಯೇ ತಪ್ಪಿತಾದ್ದರಿಂದ, ಬೇಗ ಏಳಬೇಕೆಂಬ ಈ ಆತುರವನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೂ ಬಾಯಿಂದ ನುಂಗಿದ ಪ್ಯಾರಾಸಿಟಮಾಲಿನ ಬಹುಭಾಗ, ಎಂದರೆ ನೂರಕ್ಕೆ ಸುಮಾರು 63ರಿಂದ 89ರಷ್ಟು, ರಕ್ತವನ್ನು ಸೇರಿಯೇ ಸೇರುತ್ತದೆ. ಸಿರೆಯ ದಾರಿಯಿಂದಾಗುವ ಲಾಭವೆಂದರೆ ವೇಗ ಮತ್ತು ನಿಶ್ಚಿತತೆ: ಐದು ಹತ್ತು ನಿಮಿಷಗಳಲ್ಲಿ ನೋವು ತಗ್ಗಲಾರಂಭಿಸುತ್ತದೆ, ಅರ್ಧ ಗಂಟೆಯೊಳಗೆ ಜ್ವರ ಇಳಿಯತೊಡಗುತ್ತದೆ. ನುಂಗಬಲ್ಲ ರೋಗಿಯಲ್ಲಿ ಎರಡು ದಾರಿಗಳನ್ನೂ ಹೋಲಿಸಿ ನೋಡಿದ ಹಲವು ಪರೀಕ್ಷೆಗಳಲ್ಲಿ ಅಂತಿಮ ಫಲದಲ್ಲಿ ಗಣ್ಯವಾದ ಅಂತರವೇನೂ ಕಂಡುಬಂದಿಲ್ಲ.

ಈ ಕುಲದ ಔಷಧಗಳ ಚರಿತ್ರೆ ಮೊದಲಾದುದೇ ಒಂದು ತಪ್ಪಿನಿಂದ. 1886ರಲ್ಲಿ ಸ್ಟ್ರಾಸ್‌ಬರ್ಗ್ ನಗರದ ಕಾನ್ ಮತ್ತು ಹೆಪ್ ಎಂಬ ಇಬ್ಬರು ತರುಣ ವೈದ್ಯರು ಕರುಳಿನ ಹುಳುಗಳಿಗಾಗಿ ನ್ಯಾಫ್ತಲೀನನ್ನು ಕೊಡುತ್ತಿದ್ದೇವೆಂದು ತಿಳಿದು, ಔಷಧಶಾಲೆಯ ಪ್ರಮಾದದಿಂದ ಬಂದಿದ್ದ ಅಸಿಟನಿಲೈಡನ್ನು ರೋಗಿಗೆ ಕೊಟ್ಟರು, ಜ್ವರ ಇಳಿಯಿತು. ಅಸಿಟನಿಲೈಡ್ ರಕ್ತದ ವರ್ಣವನ್ನೇ ಕೆಡಿಸಿ ರೋಗಿಯನ್ನು ನೀಲಿಗಟ್ಟಿಸುತ್ತಿದ್ದುದರಿಂದ ಅದಕ್ಕೆ ಬದಲಾಗಿ 1887ರಲ್ಲಿ ಫಿನಾಸಿಟಿನ್ ಬಂದಿತು. ಪ್ಯಾರಾಸಿಟಮಾಲಾದರೋ ಅದಕ್ಕೂ ಮೊದಲೇ, 1878ರಲ್ಲಿ, ಅಮೆರಿಕೆಯ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಹಾರ್ಮನ್ ನಾರ್ತ್ರಪ್ ಮೋರ್ಸ್ ಎಂಬ ರಸಾಯನಶಾಸ್ತ್ರಜ್ಞನ ಕೈಯಲ್ಲಿ ಜನ್ಮ ತಾಳಿತ್ತು. 1893ರಲ್ಲಿ ಫಾನ್ ಮೇರಿಂಗ್ ಎಂಬ ವೈದ್ಯ ಇದನ್ನು ರೋಗಿಗಳಲ್ಲಿ ಪರೀಕ್ಷಿಸಿ, ಇದೂ ರಕ್ತವನ್ನು ಕೆಡಿಸುವುದೆಂಬ ತಪ್ಪು ನಿರ್ಣಯಕ್ಕೆ ಬಂದುದರಿಂದ ಅರ್ಧ ಶತಮಾನ ಕಾಲ ಇದರ ಕಡೆಗೆ ಯಾರೂ ತಿರುಗಿ ನೋಡಲಿಲ್ಲ. 1948ರಲ್ಲಿ ಬ್ರೋಡಿ ಮತ್ತು ಆಕ್ಸೆಲ್‌ರಾಡ್ ಎಂಬವರು, ಅಸಿಟನಿಲೈಡ್ ದೇಹದೊಳಗೆ ಪ್ಯಾರಾಸಿಟಮಾಲಾಗಿ ಪರಿವರ್ತನೆ ಹೊಂದಿಯೇ ತನ್ನ ಗುಣವನ್ನು ತೋರುತ್ತದೆಂದು ಸ್ಥಾಪಿಸಿದ ತರುವಾಯ ಈ ಔಷಧ ಮತ್ತೆ ಬೆಳಕಿಗೆ ಬಂದು, 1955ರಲ್ಲಿ ಅಮೆರಿಕೆಯಲ್ಲಿಯೂ 1956ರಲ್ಲಿ ಬ್ರಿಟನ್ನಿನಲ್ಲಿಯೂ ಮಾರಾಟಕ್ಕೆ ಬಂದಿತು.

ಗುಳಿಗೆ ಬಂದ ಬಹುಕಾಲದ ಮೇಲೆಯೇ ಸಿರೆಯ ದ್ರಾವಣ ಬಂದುದಕ್ಕೆ ಕಾರಣ ಈ ವಸ್ತುವಿನ ಸ್ವಭಾವದಲ್ಲಿಯೇ ಇದೆ. ಇದು ನೀರಿನಲ್ಲಿ ಕಷ್ಟದಿಂದ ಕರಗುತ್ತದೆ. ಸಾಧಾರಣ ಉಷ್ಣತೆಯಲ್ಲಿ ಮಿಲಿಲೀಟರಿಗೆ ಹದಿನಾಲ್ಕು ಮಿಲಿಗ್ರಾಮಿನ ಆಸುಪಾಸಿನಲ್ಲಿಯೇ ನೀರು ತಣಿದುಬಿಡುತ್ತದೆ. ಕರಗಿದ ಮೇಲೂ ಅದು ನೆಟ್ಟಗೆ ನಿಲ್ಲದೆ, ನಿಧಾನವಾಗಿ ಒಡೆದು ವಿಷಕಾರಿಯಾದ ಪ್ಯಾರಾ ಅಮಿನೊಫಿನಾಲ್ ಆಗುತ್ತದೆ. ಆದ್ದರಿಂದ ಫ್ರಾನ್ಸಿನಲ್ಲಿ 1980ರ ದಶಕದಲ್ಲಿ, ನೀರಿನಲ್ಲಿ ಸುಲಭವಾಗಿ ಕರಗಿ ರಕ್ತದೊಳಗೆ ಪ್ಯಾರಾಸಿಟಮಾಲಾಗಿ ಮಾರ್ಪಡುವ ಪ್ರೊಪಾಸಿಟಮಾಲ್ ಎಂಬುದನ್ನು ಬಳಕೆಗೆ ತಂದರು. ಅದರ ಎರಡು ಗ್ರಾಂ ಇದರ ಒಂದು ಗ್ರಾಮಿಗೆ ಸಮ. ಅದು ಸಿರೆಯನ್ನು ಉರಿಸುತ್ತಿತ್ತು, ಔಷಧವನ್ನು ಬೆರೆಸಿಕೊಡುತ್ತಿದ್ದ ದಾದಿಯರ ಚರ್ಮಕ್ಕೂ ಕೆಲವೊಮ್ಮೆ ಒಗ್ಗುತ್ತಿರಲಿಲ್ಲ. ಆಮ್ಲಜನಕದಿಂದ ಕೆಡುವುದನ್ನು ತಡೆಯುವ ಸಿಸ್ಟೀನನ್ನೂ ಮ್ಯಾನಿಟಾಲನ್ನೂ ಸೇರಿಸಿ ಸ್ಥಿರಗೊಳಿಸಿದ ಸಿದ್ಧ ದ್ರಾವಣ ಯೂರೋಪಿನಲ್ಲಿ ಈ ಶತಮಾನದ ಆದಿಯಲ್ಲಿ ಬಂದಿತು. ಅಮೆರಿಕೆಯಲ್ಲಿ ಅದಕ್ಕೆ ಅನುಮತಿ ದೊರೆತುದು 2010ರ ನವೆಂಬರಿನಲ್ಲಿ. ಒಂದು ಗ್ರಾಂ ಔಷಧಕ್ಕೆ ನೂರು ಮಿಲಿಲೀಟರಿನಷ್ಟು ದೊಡ್ಡ ಬಾಟಲಿ ಏಕೆಂದು ಕೇಳುವವರಿಗೆ ಉತ್ತರ ನೀರಿನಲ್ಲಿ ಕಷ್ಟದಿಂದ ಕರಗುವ ಈ ಸ್ವಭಾವದಲ್ಲಿದೆ. ಈ ಬಾಟಲಿಯನ್ನು ಶೀತಪೆಟ್ಟಿಗೆಯಲ್ಲಿಡಬಾರದೆಂಬ ನಿಯಮಕ್ಕೂ ಇದೇ ಕಾರಣ. ತಣಿದರೆ ಔಷಧ ಹರಳುಗಟ್ಟುವ ಸಂಭವವುಂಟು.

ಜ್ವರವೆಂಬುದು ಮೆದುಳಿನ ಹೈಪೋಥಲಮಸ್ ಎಂಬ ಭಾಗದಲ್ಲಿರುವ ಉಷ್ಣತೆಯ ಗುರಿಯನ್ನು ಪ್ರೋಸ್ಟಗ್ಲಾಂಡಿನ್‌ಗಳು ಮೇಲಕ್ಕೇರಿಸುವುದರಿಂದ ಬರುತ್ತದೆ. ಅವುಗಳ ಉತ್ಪತ್ತಿಯನ್ನು ಪ್ಯಾರಾಸಿಟಮಾಲ್ ಮುಖ್ಯವಾಗಿ ನರಮಂಡಲದೊಳಗೆ ತಗ್ಗಿಸುವುದರಿಂದ, ಆಸ್ಪಿರಿನ್ ಮೊದಲಾದುವುಗಳಂತೆ ಜಠರವನ್ನು ಹುಣ್ಣುಗೊಳಿಸುವುದಾಗಲಿ ರಕ್ತದ ಹೆಪ್ಪುಗಟ್ಟುವಿಕೆಯನ್ನು ಕೆಡಿಸುವುದಾಗಲಿ ಇದರ ಸ್ವಭಾವವಲ್ಲ. ಆದರೆ ಊತವನ್ನು ಇಳಿಸುವ ಶಕ್ತಿಯೂ ಇದಕ್ಕೆ ಅಷ್ಟಾಗಿ ಇಲ್ಲ. ಬಿಸಿಲಿನ ಝಳಕ್ಕೆ ಸಿಕ್ಕಿ ಮೈ ಕೆಂಡವಾದವನಲ್ಲಿ ಈ ಗುರಿ ಏರಿರುವುದೇ ಇಲ್ಲ. ಆದುದರಿಂದ ಎಪ್ರಿಲ್, ಮೇ ತಿಂಗಳುಗಳ ಕರಾವಳಿಯ ಸೆಕೆಯಲ್ಲಿ ಗದ್ದೆಯಲ್ಲೋ ದೋಣಿಯಲ್ಲೋ ಕುಸಿದು ಬಿದ್ದವನಿಗೆ ಈ ಬಾಟಲಿಯಿಂದ ಪ್ರಯೋಜನವಿಲ್ಲ. ಅವನಿಗೆ ಬೇಕಾದುದು ತಣ್ಣೀರು, ಗಾಳಿ, ನೆರಳು ಮತ್ತು ತ್ವರಿತವಾದ ಆಸ್ಪತ್ರೆಯ ಆರೈಕೆ.

ಸಿರೆಯ ಪ್ರಯೋಗಕ್ಕೆ ಯುಕ್ತವಾದ ಸಂದರ್ಭಗಳಲ್ಲಿ ಶಸ್ತ್ರಕ್ರಿಯೆಯ ಅನಂತರದ ವೇದನೆಯೇ ಮೊದಲನೆಯದು. ಕಾರವಾರದ ಜಿಲ್ಲಾ ಆಸ್ಪತ್ರೆಯನ್ನು ಬೋಧನಾಸ್ಪತ್ರೆಯನ್ನಾಗಿ ಪಡೆದು 2016ರಲ್ಲಿ ಆರಂಭಗೊಂಡ ಕಾರವಾರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂತಹ ಕಡೆಗಳಲ್ಲಿಯೂ, ಅಂಕೋಲೆಯ ತಾಲ್ಲೂಕು ಆಸ್ಪತ್ರೆಯಂತಹ ಸಣ್ಣ ನೆಲೆಗಳಲ್ಲಿಯೂ, ಸಿಸೇರಿಯನ್ ಆದ ತಾಯಂದಿರಿಗೆ, ಮೂಳೆ ಮುರಿದು ಬಂದವರಿಗೆ ಇಂಥ ಔಷಧದ ಅಗತ್ಯ ದಿನವೂ ಬೀಳುವಂಥದು. ಇದರೊಡನೆ ಕೊಟ್ಟಾಗ ಮಾರ್ಫಿನ್ ಜಾತಿಯ ಔಷಧಗಳ ಪ್ರಮಾಣವನ್ನು ತಗ್ಗಿಸಬಹುದು. ಹಾಲೂಡುವ ತಾಯಿಗೂ ಇದು ನಿಷಿದ್ಧವಲ್ಲ. ರೋಗಿ ಗಂಜಿ ಕುಡಿಯತೊಡಗಿದ ದಿನವೇ ಬಾಟಲಿಯನ್ನು ಬಿಡಿಸಿ ಗುಳಿಗೆಗೆ ತರುವುದು ಉತ್ತಮ ಪದ್ಧತಿ. ಕೈಗೆ ಚುಚ್ಚಿದ ಸೂಜಿಯೇ ಸೋಂಕಿಗೆ ಒಂದು ಬಾಗಿಲೆಂಬುದನ್ನು ಮರೆಯಲಾಗದು.

ಇನ್ನು ಪ್ರಮಾಣದ ವಿಚಾರ. ಈ ಔಷಧದ ಸುರಕ್ಷತೆಯ ಪ್ರಶ್ನೆಯೆಲ್ಲ ಬಹುಮಟ್ಟಿಗೆ ಗಣಿತದ ಪ್ರಶ್ನೆಯಾದುದರಿಂದ ಇಲ್ಲಿ ಕೊಂಚ ನಿಧಾನಿಸಬೇಕು. ಐವತ್ತು ಕಿಲೋಗ್ರಾಮಿಗಿಂತ ಹೆಚ್ಚು ತೂಕವುಳ್ಳ ವಯಸ್ಕನಿಗೆ ಒಂದು ಸಲಕ್ಕೆ ಒಂದು ಗ್ರಾಂ; ಎರಡು ಸಲಗಳ ನಡುವೆ ಕನಿಷ್ಠ ನಾಲ್ಕು ಗಂಟೆ; ದಿನಕ್ಕೆ ನಾಲ್ಕು ಗ್ರಾಮಿಗೆ ಮೀರಕೂಡದು. ಯಕೃತ್ತಿಗೆ ಅಪಾಯದ ಕಾರಣಗಳಿರುವವರಿಗೆ ದಿನದ ಮಿತಿ ಮೂರು ಗ್ರಾಂ, ಮೂತ್ರಪಿಂಡಗಳು ತೀರ ದುರ್ಬಲವಾಗಿರುವವರಿಗೆ ನಡುವಣ ಅವಧಿ ಆರು ಗಂಟೆ. ಐವತ್ತು ಕಿಲೋಗ್ರಾಂ ಅಥವಾ ಅದಕ್ಕೂ ಕಡಿಮೆ ತೂಗುವವರಿಗೆ ಪ್ರತಿ ಕಿಲೋಗ್ರಾಮಿಗೆ 15 ಮಿಲಿಗ್ರಾಮಿನಂತೆ ಲೆಕ್ಕ ಹಾಕಬೇಕು. ಇಂಥವರಿಗೆ ಯೂರೋಪಿನ ಸೂಚನೆಯಂತೆ ದಿನದ ಮಿತಿ ಕಿಲೋಗ್ರಾಮಿಗೆ 60 ಮಿಲಿಗ್ರಾಂ. ಅಮೆರಿಕೆಯವರು 75ರ ತನಕ ಹೋಗುತ್ತಾರೆ. ಹತ್ತು ಕಿಲೋಗ್ರಾಮಿನವರೆಗಿನ ಶಿಶುಗಳಿಗೆ ಯೂರೋಪಿನ ಲೆಕ್ಕದಲ್ಲಿ ಒಂದು ಸಲಕ್ಕೆ ಕಿಲೋಗ್ರಾಮಿಗೆ 7.5 ಮಿಲಿಗ್ರಾಂ ಮಾತ್ರ, ದಿನಕ್ಕೆ ಕಿಲೋಗ್ರಾಮಿಗೆ 30 ಮಿಲಿಗ್ರಾಂ.

ನಮ್ಮ ಕರಾವಳಿಯ ಹಳ್ಳಿಗಳಲ್ಲಿ ಜೀವಮಾನವೆಲ್ಲ ದುಡಿದು ಸವೆದ ಮುದುಕಿಯರು ನಲವತ್ತು ಕಿಲೋಗ್ರಾಮನ್ನು ಮುಟ್ಟದಿರುವುದು ಅಪರೂಪವೇನಲ್ಲ. ಮೂವತ್ತೆಂಟು ಕಿಲೋಗ್ರಾಂ ತೂಗುವ ಅಂಥ ಒಬ್ಬ ಅಜ್ಜಿಗೆ ಸಲ್ಲುವುದು ಒಂದು ಸಲಕ್ಕೆ 570 ಮಿಲಿಗ್ರಾಂ, ಎಂದರೆ ಬಾಟಲಿಯಲ್ಲಿ 57 ಮಿಲಿಲೀಟರ್; ಇಡೀ ದಿನಕ್ಕೆ 2280 ಮಿಲಿಗ್ರಾಂ. ಆದರೆ ‘ಒಂದು ಬಾಟಲಿ’ ಎಂಬ ರೂಢಿಯ ಮಾತು ಎಷ್ಟು ಬಲವಾಗಿದೆಯೆಂದರೆ, ಗೂಟಕ್ಕೆ ಏರಿದ ಬಾಟಲಿಯನ್ನು ಅರ್ಧಕ್ಕೆ ನಿಲ್ಲಿಸುವುದು ನೋಡುವವರ ಕಣ್ಣಿಗೆ ಔಷಧವನ್ನು ಹಾಳುಮಾಡಿದಂತೆ ಕಾಣುತ್ತದೆ. ಪೂರ್ಣ ಬಾಟಲಿಯನ್ನು ದಿನಕ್ಕೆ ನಾಲ್ಕು ಸಲ ಹರಿಸಿದರೆ ಆಕೆಗೆ ಸೇರುವುದು ಕಿಲೋಗ್ರಾಮಿಗೆ 105 ಮಿಲಿಗ್ರಾಂ. ಯಾವ ದೇಶದ ಲೆಕ್ಕದಲ್ಲಿಯೂ ಇದು ಅತಿಯೇ. ಹೊರರೋಗಿಗಳ ವಿಭಾಗದ ಮೂಲೆಯಲ್ಲಿರುವ ತೂಕದ ಯಂತ್ರ ಈ ಔಷಧದ ಮಟ್ಟಿಗೆ ರಕ್ತದೊತ್ತಡ ಅಳೆಯುವ ಯಂತ್ರದಷ್ಟೇ ಮುಖ್ಯವಾದ ಉಪಕರಣ. ಮಲಗಿದ್ದಲ್ಲಿಂದ ಏಳಲಾರದ ರೋಗಿಯ ತೂಕವನ್ನು ಅಂದಾಜು ಮಾಡುವಾಗಲೂ, ಅಂದಾಜೆಂದು ಬರೆದಿಟ್ಟೇ ಮಾಡಬೇಕು.

ಶಿಶುಗಳ ವಿಷಯದಲ್ಲಿ ಸಂಭವಿಸುವ ಪ್ರಮಾದ ಇನ್ನೊಂದು ಬಗೆಯದು. ಐದು ಕಿಲೋಗ್ರಾಮಿನ ಮಗುವಿಗೆ ಬೇಕಾದುದು 37.5 ಮಿಲಿಗ್ರಾಂ, ಎಂದರೆ 3.75 ಮಿಲಿಲೀಟರ್. ಬರೆದ ಮಿಲಿಗ್ರಾಮನ್ನು ಕೊಡುವವರು ಮಿಲಿಲೀಟರೆಂದು ಓದಿಕೊಂಡರೆ 37.5 ಮಿಲಿಲೀಟರ್ ಹರಿದು, ಮಗುವಿಗೆ ಹತ್ತು ಪಟ್ಟು ಔಷಧ ಸೇರುತ್ತದೆ. ಸಾಂದ್ರತೆ ಹತ್ತು ಎಂಬ ಸರಳ ಸಂಖ್ಯೆಯಾಗಿರುವುದರಿಂದಲೇ ಈ ತಪ್ಪು ಕಣ್ಣಿಗೆ ಬೀಳದೆ ನುಸುಳುತ್ತದೆ. ಬ್ರಿಟನ್ನಿನ ಔಷಧನಿಯಂತ್ರಣ ಮಂಡಲಿ 2010ರಲ್ಲಿ ಇದೇ ವಿಷಯವಾಗಿ ವೈದ್ಯರನ್ನು ಎಚ್ಚರಿಸಬೇಕಾಯಿತು. ಆದಕಾರಣ ಮಗುವಿನ ಔಷಧವನ್ನು ಮಿಲಿಗ್ರಾಂ, ಮಿಲಿಲೀಟರ್ ಎರಡರಲ್ಲಿಯೂ ಬರೆಯುವುದು, ಇಬ್ಬರು ಬೇರೆಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡುವುದು, ಬಾಟಲಿಯನ್ನೇ ತೂಗುಬಿಡದೆ ಬೇಕಾದಷ್ಟನ್ನೇ ಸಿರಿಂಜಿನಲ್ಲಿ ಎಳೆದುಕೊಂಡು ಹದಿನೈದು ನಿಮಿಷಗಳಲ್ಲಿ ಹರಿಸುವುದು ಕ್ರಮ. ಅತ್ಯಲ್ಪ ಪ್ರಮಾಣವಾದರೆ ಉಪ್ಪುನೀರಿನಲ್ಲಾಗಲಿ 5 ಶೇಕಡಾ ಗ್ಲೂಕೋಸಿನಲ್ಲಾಗಲಿ ಹತ್ತು ಪಟ್ಟಿನವರೆಗೆ ತೆಳುಮಾಡಬಹುದು. ಹಾಗೆ ಮಾಡಿದುದನ್ನು ಒಂದು ಗಂಟೆಯೊಳಗೆ ಬಳಸಿ ಮುಗಿಸಬೇಕು.

ಭಾರತದಲ್ಲಿ ಈ ಗೊಂದಲಕ್ಕೆ ಮತ್ತೊಂದು ತೊಡಕು ಸೇರಿಕೊಂಡಿದೆ. ಮಾಂಸಖಂಡಕ್ಕೆ ಚುಚ್ಚುವುದಕ್ಕಾಗಿ ಮಿಲಿಲೀಟರಿಗೆ 150 ಮಿಲಿಗ್ರಾಂ ಸಾಂದ್ರತೆಯ ಸಣ್ಣ ಆಂಪೂಲುಗಳು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಹಳ್ಳಿಯ ದವಾಖಾನೆಗಳ ‘ಜ್ವರದ ಇಂಜೆಕ್ಷನ್’ ಎಂಬುದು ಹಲವು ಸಲ ಇದೇ. ಬಾಟಲಿಯ ದ್ರಾವಣಕ್ಕಿಂತ ಇದು ಹದಿನೈದು ಪಟ್ಟು ಸಾಂದ್ರ. ಅಷ್ಟೊಂದು ಔಷಧವನ್ನು ಕರಗಿಸಲು ನೀರಿಗೆ ಬೇರೆ ದ್ರಾವಕಗಳನ್ನೂ ಸೇರಿಸಿರುತ್ತಾರೆ. ಎರಡೂ ಒಂದೇ ಕಪಾಟಿನಲ್ಲಿ ಒಂದೇ ಹೆಸರಿನಡಿಯಲ್ಲಿರುವಾಗ, ಸಿರೆಗೆಂದು ಚೀಟಿಯಲ್ಲಿ ಸ್ಪಷ್ಟವಾಗಿ ಅಚ್ಚಾಗಿರದ ಆಂಪೂಲನ್ನು ಸಿರೆಗೆ ಕೊಡತಕ್ಕದ್ದಲ್ಲ.

ವಯಸ್ಕನಿಗೆ ಬಾಟಲಿಯೊಂದನ್ನು ಹದಿನೈದು ನಿಮಿಷಗಳಲ್ಲಿ ಹರಿಸಬೇಕೆಂದರೆ, ಮಿಲಿಲೀಟರಿಗೆ ಇಪ್ಪತ್ತು ಹನಿ ಬೀಳುವ ನಳಿಕೆಯಲ್ಲಿ ನಿಮಿಷಕ್ಕೆ ಸುಮಾರು 133 ಹನಿಗಳಾಗುತ್ತವೆ. ಎಣಿಸುವುದಕ್ಕೆ ಅದು ಬಹಳ ವೇಗ. ಇದಕ್ಕಿಂತಲೂ ಅವಸರಪಟ್ಟರೆ, ಮುಖ್ಯವಾಗಿ ತೀವ್ರ ನಿಗಾ ಘಟಕದ ದುರ್ಬಲ ರೋಗಿಗಳಲ್ಲಿ, ರಕ್ತದೊತ್ತಡ ಕುಸಿಯಬಹುದು. ಗಾಜಿನ ಬಾಟಲಿಯಾದರೆ, ದ್ರವ ಮುಗಿಯುವ ಹೊತ್ತಿಗೆ ನಳಿಕೆಯ ಮೂಲಕ ಗಾಳಿ ಸಿರೆಯನ್ನು ಸೇರುವ ಅಪಾಯವಿರುವುದರಿಂದ ಕೊನೆಯ ಕೆಲವು ನಿಮಿಷ ಒಬ್ಬರು ಹಾಸಿಗೆಯ ಬಳಿ ಇರಲೇಬೇಕು. ಬೇರೆ ಔಷಧಗಳನ್ನು ಇದರ ಬಾಟಲಿಯೊಳಕ್ಕೆ ಬೆರೆಸಲಾಗದು. ಮಿಕ್ಕುದನ್ನು ಮತ್ತೊಬ್ಬರಿಗೆಂದು ಇಟ್ಟುಕೊಳ್ಳುವುದೂ ಸಲ್ಲ.

ಬಾಟಲಿ ಏರುವುದಕ್ಕೆ ಮೊದಲು ಕೇಳಲೇಬೇಕಾದ ಪ್ರಶ್ನೆಯೊಂದುಂಟು: ಮನೆಯಿಂದ ಹೊರಡುವಾಗ ಏನು ನುಂಗಿ ಬಂದಿರಿ? ‘ಪ್ಯಾರಾಸಿಟಮಾಲ್ ತಗೊಂಡ್ರಾ’ ಎಂದು ಕೇಳಿದರೆ ಇಲ್ಲವೆಂದೇ ಉತ್ತರ ಬರುವುದು ಸಹಜ, ಏಕೆಂದರೆ ಜನ ನುಂಗುವುದು ಕ್ರೋಸಿನ್ನನ್ನು, ಕಾಲ್ಪಾಲನ್ನು, ಕೋವಿಡ್ ಕಾಲದಲ್ಲಿ ದೇಶಕ್ಕೆಲ್ಲ ಪರಿಚಿತವಾದ ಬೆಂಗಳೂರಿನ ಮೈಕ್ರೊ ಲ್ಯಾಬ್ಸಿನ ಡೋಲೋ 650ನ್ನು. ಸೊಂಟನೋವಿಗೆಂದು ಕೊಂಡ ಅಸೆಕ್ಲೋಫೆನಾಕ್ ಗುಳಿಗೆಯಲ್ಲಿ, ನೆಗಡಿಯ ಗುಳಿಗೆಯಲ್ಲಿ, ಟ್ರಮಡಾಲಿನ ಜೊತೆಯಲ್ಲಿ ಇದೇ ವಸ್ತು ಬೆರೆತಿರುತ್ತದೆ. ದಿನದ ಮಿತಿಯೆಂಬುದು ಬಾಯಿ, ಸ್ನಾಯು, ಸಿರೆ ಎಂಬ ಎಲ್ಲ ದಾರಿಗಳಿಂದ ಬಂದುದರ ಒಟ್ಟು ಮೊತ್ತಕ್ಕೆ ಅನ್ವಯಿಸುತ್ತದೆ. ಅಂಕೋಲೆಯ ಬಳಿಯ ಬೆಳಂಬಾರವು ಪಾರ್ಶ್ವವಾಯುವಿಗೆ ಕೊಡುವ ನಾಟಿ ಔಷಧಕ್ಕೆ ದೂರದೂರುಗಳಲ್ಲಿಯೂ ಹೆಸರಾಗಿದೆ. ಇಂಥ ಪ್ರದೇಶದಲ್ಲಿ ಕಷಾಯ, ಬೇರು, ತೈಲಗಳ ವಿಷಯವನ್ನೂ ತಿರಸ್ಕಾರದ ಧ್ವನಿಯಿಲ್ಲದೆ ಕೇಳಿ ತಿಳಿಯಬೇಕು. ತಿರಸ್ಕಾರವಿದ್ದರೆ ನಿಜ ಹೊರಬೀಳುವುದಿಲ್ಲ.

ಮಳೆಗಾಲದಲ್ಲಿ ಈ ತೀರದ ಜ್ವರಗಳು ಒಂದೇ ಜಾತಿಯವಲ್ಲ. ಡೆಂಗಿ, ಮಲೇರಿಯಾ, ಗದ್ದೆಯ ಕೆಸರಿನಿಂದ ಬರುವ ಇಲಿಜ್ವರ. ಮಳೆ ನಿಂತ ಮೇಲಣ ಒಣದಿನಗಳಲ್ಲಿ ಜಿಲ್ಲೆಯ ಸಿದ್ದಾಪುರ, ಹೊನ್ನಾವರಗಳ ಕಾಡಿನಂಚಿನಲ್ಲಿ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ. ಡೆಂಗಿಯಲ್ಲಿಯೂ ಮಂಗನ ಕಾಯಿಲೆಯಲ್ಲಿಯೂ ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗಳನ್ನು ಬಿಟ್ಟು ಪ್ಯಾರಾಸಿಟಮಾಲನ್ನೇ ಆರಿಸಿಕೊಳ್ಳಬೇಕಾಗುತ್ತದೆ. ಆದರೆ ಡೆಂಗಿ, ಇಲಿಜ್ವರಗಳು ಯಕೃತ್ತನ್ನು ತಾವೇ ಪೀಡಿಸುವ ರೋಗಗಳು; ಆಯ್ಕೆಗೆ ಬೇರೆ ಔಷಧವಿಲ್ಲದ ಕಡೆಯಲ್ಲಿಯೇ ಮಿತಿಯೂ ಬಿಗಿಯಾಗಿರಬೇಕಾದ ಸಂಕಟ ಇಲ್ಲಿದೆ. ಅದಕ್ಕಿಂತಲೂ ಸೂಕ್ಷ್ಮವಾದ ಸಂಗತಿ, ಡೆಂಗಿಯಲ್ಲಿ ನಿಜವಾದ ಅಪಾಯ ತಲೆದೋರುವುದು ಬಹುಮಟ್ಟಿಗೆ ಜ್ವರ ಇಳಿಯುವ ಹೊತ್ತಿನಲ್ಲಿ, ಮೂರರಿಂದ ಏಳನೆಯ ದಿನದ ನಡುವೆ. ಬಾಟಲಿ ಹರಿದು ಮೈ ತಣ್ಣಗಾದುದನ್ನು ಗುಣವೆಂದು ಎಣಿಸಿ ಮನೆಗೆ ಮರಳಿದವನು, ಹೊಟ್ಟೆನೋವು, ನಿಲ್ಲದ ವಾಂತಿ, ಕೈಕಾಲು ತಣ್ಣಗಾಗುವಿಕೆ, ಮಂಕು ಕಂಡೊಡನೆ ಹಿಂದಿರುಗಬೇಕೆಂಬುದನ್ನು ಬಾಗಿಲಲ್ಲಿಯೇ ಕೇಳಿಕೊಂಡು ಹೋಗಬೇಕು.

ಜ್ವರವನ್ನು ಇಳಿಸಲೇಬೇಕೆ ಎಂಬ ಪ್ರಶ್ನೆಯೂ ಇದ್ದೇ ಇದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ತೀವ್ರ ನಿಗಾ ಘಟಕಗಳಲ್ಲಿ ಸೋಂಕಿನ ಸಂಶಯವಿದ್ದ ಸುಮಾರು 700 ಜ್ವರಪೀಡಿತರಿಗೆ ಆರು ಗಂಟೆಗೊಮ್ಮೆ ಈ ಔಷಧವನ್ನೋ ಬರಿಯ ದ್ರಾವಣವನ್ನೋ ಸಿರೆಯಲ್ಲಿ ಕೊಟ್ಟು ನೋಡಿ 2015ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಘಟಕದಿಂದ ಬಿಡುಗಡೆ ಹೊಂದಿ ಬದುಕಿದ ದಿನಗಳ ಲೆಕ್ಕದಲ್ಲಿ ಎರಡು ಗುಂಪುಗಳಿಗೂ ಭೇದ ಕಾಣಲಿಲ್ಲ. ಜ್ವರಮಾಪಕದ ಅಂಕಿಗಿಂತ ರೋಗಿಯ ಸಂಕಟವನ್ನು ನೋಡಿ ಔಷಧ ಕೊಡುವುದು ವಿವೇಕವೆಂದು ಇದರಿಂದ ತೋರುತ್ತದೆ.

ಅತಿಯಾದಾಗ ಕೆಡುವುದು ಯಕೃತ್ತು. ದೇಹಕ್ಕೆ ಬಂದ ಔಷಧದ ಬಹುಭಾಗ ಯಕೃತ್ತಿನಲ್ಲಿ ಗ್ಲುಕುರಾನಿಕ್ ಆಮ್ಲದೊಡನೆಯೂ ಸಲ್ಫೇಟಿನೊಡನೆಯೂ ಕೂಡಿ ನಿರುಪದ್ರವಿಯಾಗಿ ಮೂತ್ರದಲ್ಲಿ ಹೊರಹೋಗುತ್ತದೆ. ನೂರಕ್ಕೆ ಐದರಿಂದ ಹತ್ತು ಭಾಗ ಮಾತ್ರ ಉಗ್ರವಾದ ಒಂದು ಮಧ್ಯವರ್ತಿ ಪದಾರ್ಥವಾಗುತ್ತದೆ. ಅದನ್ನು ಗ್ಲುಟಾಥಯೋನ್ ಎಂಬ ರಕ್ಷಕದ್ರವ್ಯ ಹಿಡಿದು ತಣಿಸುತ್ತದೆ. ಆ ದಾಸ್ತಾನು ಬರಿದಾದರೆ ಯಕೃತ್ತಿನ ಕಣಗಳು ಸಾಯತೊಡಗುತ್ತವೆ. ಹಲವು ದಿನ ಉಣ್ಣದವರಲ್ಲಿ, ನಿತ್ಯ ಮದ್ಯಪಾನಿಗಳಲ್ಲಿ ಈ ದಾಸ್ತಾನು ಮೊದಲೇ ಕ್ಷೀಣಿಸಿರುತ್ತದೆ; ಕ್ಷಯಕ್ಕೆ ಐಸೋನಿಯಾಜಿಡ್, ಮೂರ್ಛೆರೋಗಕ್ಕೆ ಫೆನಿಟಾಯಿನ್ ತೆಗೆದುಕೊಳ್ಳುತ್ತಿರುವವರಲ್ಲಿಯೂ ಎಚ್ಚರ ಬೇಕು. ಗೋವೆಯ ಗಡಿಯಲ್ಲಿರುವ ಕಾರವಾರದಲ್ಲಿ ಮದ್ಯದ ಪ್ರಶ್ನೆಯನ್ನು ಸಂಕೋಚದಿಂದ ಬಿಟ್ಟುಬಿಡುವಂತಿಲ್ಲ. ಅತಿಪ್ರಮಾಣದಿಂದ ಯಕೃತ್ತು ನಾಶವಾಗುವುದನ್ನು 1966ರಲ್ಲಿ ಡೇವಿಡ್ಸನ್ ಮತ್ತು ಈಸ್ಟ್‌ಹ್ಯಾಮ್ ವರ್ಣಿಸಿದರು. 1970ರ ದಶಕದಲ್ಲಿ ಎಡಿನ್‌ಬರೋದ ಪ್ರೆಸ್ಕಾಟ್ ಮತ್ತು ಸಂಗಡಿಗರು ಎನ್-ಅಸಿಟೈಲ್ ಸಿಸ್ಟೀನನ್ನು ಸಿರೆಯ ಮೂಲಕ ಕೊಟ್ಟು ಯಕೃತ್ತನ್ನು ಉಳಿಸಬಹುದೆಂದು ತೋರಿಸಿದರು.

ಈ ವಿಷದ ಕಪಟವೆಂದರೆ ಮೊದಲ ದಿನ ಅದು ಮೌನವಾಗಿರುವುದು. ಓಕರಿಕೆ, ವಾಂತಿ, ಕೊಂಚ ಬೆವರು. ಕೆಲವೊಮ್ಮೆ ಅದೂ ಇಲ್ಲ. ಎರಡನೆಯ ದಿನದಿಂದ, ಯಕೃತ್ತಿನ ಹಾನಿಯನ್ನು ತೋರುವ ಎಸ್.ಜಿ.ಪಿ.ಟಿ. ರಕ್ತದಲ್ಲಿ ಏರುತ್ತದೆ, ಮೂರು ನಾಲ್ಕನೆಯ ದಿನಗಳಲ್ಲಿ ಹಾನಿ ಶಿಖರವನ್ನು ಮುಟ್ಟುತ್ತದೆ. ಪ್ರತಿವಿಷವಾದ ಎನ್-ಅಸಿಟೈಲ್ ಸಿಸ್ಟೀನನ್ನು ಎಂಟು ಗಂಟೆಗಳೊಳಗೆ ಆರಂಭಿಸಿದರೆ ರಕ್ಷಣೆ ಬಹುಮಟ್ಟಿಗೆ ಪೂರ್ಣ. ತಡವಾದರೂ ಕೊಡದೆ ಬಿಡುವುದಿಲ್ಲ. ಕಿಲೋಗ್ರಾಮಿಗೆ ಮೊದಲ ಒಂದು ಗಂಟೆಯಲ್ಲಿ 150, ಮುಂದಣ ನಾಲ್ಕು ಗಂಟೆಗಳಲ್ಲಿ 50, ಆಮೇಲಣ ಹದಿನಾರು ಗಂಟೆಗಳಲ್ಲಿ 100 ಮಿಲಿಗ್ರಾಂ ಎಂಬುದು ಪ್ರಸಿದ್ಧವಾದ ಕ್ರಮ. ಬಾಯಿಂದ ಒಂದೇ ಸಲ ನುಂಗಿದವರಿಗಾಗಿ ರಚಿತವಾದ, 1975ರ ರುಮಾಕ್ ಮತ್ತು ಮ್ಯಾಥ್ಯೂ ಅವರ ರೇಖಾಪಟವನ್ನು ಸಿರೆಯ ಅತಿಪ್ರಮಾಣಕ್ಕೆ ಹಾಗೆಯೇ ಅನ್ವಯಿಸಲಾಗದು. ಇಲ್ಲಿ ಕಡಿಮೆ ಪ್ರಮಾಣದಲ್ಲಿಯೇ ಚಿಕಿತ್ಸೆಯನ್ನು ಯೋಚಿಸುತ್ತಾರೆ.

ಕಾರವಾರದಿಂದ ದೊಡ್ಡ ಆಸ್ಪತ್ರೆಗೆ ಹೋಗುವವರಿಗೆ ಉತ್ತರದಲ್ಲಿ ಗೋವೆಯ ಬಾಂಬೋಳಿ, ದಕ್ಷಿಣದಲ್ಲಿ ಮಣಿಪಾಲ. ಅಂಕೋಲೆಯಿಂದ ಪೂರ್ವಕ್ಕೆ ಅರಬೈಲ್ ಘಟ್ಟವನ್ನೇರಿ ಹುಬ್ಬಳ್ಳಿ. ಯಾವ ದಾರಿಯೂ ಹತ್ತಿರದ್ದಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋದಂತೆ, ಮಳೆಗಾಲದಲ್ಲಿ ದಾರಿಯೇ ಇಲ್ಲವಾಗುವುದೂ ಉಂಟು. ಎಂಟು ಗಂಟೆಗಳ ಲೆಕ್ಕದಲ್ಲಿ ಈ ಪ್ರಯಾಣವೂ ಸೇರಿರುವುದರಿಂದ, ತಪ್ಪು ನಡೆದುದು ತಿಳಿದ ಗಳಿಗೆಯಲ್ಲಿಯೇ ಹರಿವನ್ನು ನಿಲ್ಲಿಸಿ, ಪ್ರತಿವಿಷ ಕೈಯಲ್ಲಿದ್ದರೆ ಅಲ್ಲಿಯೇ ಆರಂಭಿಸಿ, ರೋಗಿಯೊಡನೆ ಕಳುಹಿಸುವ ಚೀಟಿಯಲ್ಲಿ ಆತನ ತೂಕ, ಬಾಟಲಿ ಏರಿದ ಗಂಟೆ, ಹರಿದ ಮಿಲಿಲೀಟರು, ಅದರ ಮಿಲಿಗ್ರಾಂ, ಅದಕ್ಕೆ ಮೊದಲು ನುಂಗಿದ ಗುಳಿಗೆಗಳು ಇವಿಷ್ಟನ್ನೂ ಓದಲು ಬರುವ ಅಕ್ಷರದಲ್ಲಿ ಬರೆದು ಕಳುಹಿಸಬೇಕಾಗುತ್ತದೆ.